ಕೆನ್ನೆಯೊಳಗಿನ ಗಂಟು, ಒಸಡಿನ ಮೇಲಿನ ಗಡ್ಡೆ

(ಶಿವಮೊಗ್ಗದಲ್ಲಿ ಸಾರ್ವಜನಿಕರು, ಆಶಾ ಕಾರ್ಯಕರ್ತೆಯರು ಹಾಗೂ ತಾಲ್ಲೂಕುಗಳಿಂದ ಬಂದ ದಂತವೈದ್ಯರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬಾಯೊಳಗೆ ನಾಲಿಗೆಗೆ ಒಂದು ಗಂಟು ತಗುಲಿದರೆ ನಮ್ಮಲ್ಲಿ ಎರಡು ಬಗೆಯ ಜನ ಕಾಣುತ್ತಾರೆ. ಕೆಲವರು ಕ್ಯಾನ್ಸರೇ ಬಂತೆಂದು ಅವತ್ತಿನಿಂದಲೇ ಊಟ ನಿದ್ದೆ ಬಿಡುತ್ತಾರೆ. ಇನ್ನು ಕೆಲವರು ನೋವಿಲ್ಲವಲ್ಲ ಎಂದು ವರ್ಷಗಟ್ಟಲೆ ಯಾರಿಗೂ ತೋರಿಸದೆ ಇಟ್ಟುಕೊಳ್ಳುತ್ತಾರೆ. ಇಬ್ಬರಿಗೂ ಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬಾಯಲ್ಲಿ ಹೀಗೆ ನುಣುಪಾಗಿ ಉಬ್ಬುವ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಆದರೆ ಬರಿಗಣ್ಣಿನಲ್ಲಿ ನೋಡಿ ಅದನ್ನು ಖಚಿತವಾಗಿ ಹೇಳಲು ಯಾರಿಗೂ ಸಾಧ್ಯವಿಲ್ಲ, ಆದ್ದರಿಂದ ತೆಗೆದ ಪ್ರತಿಯೊಂದು ತುಣುಕೂ ಲ್ಯಾಬಿಗೆ ಹೋಗಬೇಕು. ಇನ್ನೊಂದು, ಗಂಟು ಏಳಲು ಕಾರಣವಾದ ಚೂಪು ಹಲ್ಲೋ, ಹಲ್ಲಿಗೆ ಕಟ್ಟಿದ ಕಿಟ್ಟವೋ, ಸಡಿಲವಾದ ಹಲ್ಲಿನ ಸೆಟ್ಟೋ ಬಾಯಲ್ಲೇ ಉಳಿದರೆ ಗಂಟು ತೆಗೆಸಿದ್ದು ಅರ್ಧ ಚಿಕಿತ್ಸೆ ಮಾತ್ರ. ಇವತ್ತಿನ ಮಾತೆಲ್ಲ ಈ ಎರಡು ವಿಷಯಗಳ ಸುತ್ತ.

ಬಾಯಿಯ ಒಳಗೋಡೆಗೆ ಎರಡು ಪದರ. ಮೇಲಿನದು ಅನುಲೇಪಕ ಅಂಗಾಂಶ, ಬಾಯಿಯ ತೆಳು ಚರ್ಮ ಎನ್ನಿ. ಅದರ ಕೆಳಗಿನದು ಸಂಯೋಜಕ ಅಂಗಾಂಶ: ಕೊಲಾಜನ್ ನಾರು, ಆ ನಾರನ್ನು ತಯಾರಿಸುವ ಫೈಬ್ರೋಬ್ಲಾಸ್ಟ್ ಕೋಶಗಳು, ರಕ್ತನಾಳ, ನರ, ಕೊಬ್ಬು ಎಲ್ಲ ಇರುವುದು ಅಲ್ಲಿ. ಬಾಯಿ ಕ್ಯಾನ್ಸರಿನ ಬಹುಪಾಲು ಹುಟ್ಟುವುದು ಮೇಲಿನ ಪದರದಲ್ಲಿ. ನಾವಿಂದು ನೋಡುವ ಗಂಟುಗಳು ಕೆಳಗಿನ ಪದರದಿಂದ ಉಬ್ಬಿ ಬರುವಂಥವು. ಹಾಗಾಗಿ ಮೇಲ್ಮೈ ನುಣುಪಾಗಿದ್ದು ಅಡಿಯಿಂದ ಉಬ್ಬಿದ ಗಂಟನ್ನು ನೋಡುವ ರೀತಿ ಬೇರೆ. ಮೇಲ್ಮೈಯೇ ಒರಟಾಗಿ, ಹುಣ್ಣಾಗಿ, ಬಿಳಿ ಅಥವಾ ಕೆಂಪು ಮಚ್ಚೆಯಾಗಿದ್ದರೆ ನೋಡುವ ರೀತಿ ಬೇರೆ. ಎರಡನೆಯದು ಎರಡು ವಾರದಲ್ಲಿ ಮಾಯದಿದ್ದರೆ ತಡ ಮಾಡುವಂತಿಲ್ಲ.

ಕಚ್ಚುವ ಗೆರೆಯ ಮೇಲಿನ ಗಂಟು

ಅತಿ ಹೆಚ್ಚಾಗಿ ಸಿಗುವುದು ಫೈಬ್ರೋಮ, ಅಂದರೆ ನಾರಿನ ಗಂಟು. ಬಾಯಿ ಮುಚ್ಚಿದಾಗ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಕೂಡುವ ಮಟ್ಟದಲ್ಲಿ ಕೆನ್ನೆಯ ಒಳಬದಿಗೆ ಒಂದು ಗೆರೆ ಇರುತ್ತದೆ. ಫೈಬ್ರೋಮ ಸಾಮಾನ್ಯವಾಗಿ ಕೂರುವುದು ಆ ಗೆರೆಯ ಮೇಲೆ. ತುಟಿಯ ಒಳಭಾಗ, ನಾಲಿಗೆಯ ಅಂಚು, ಒಸಡು ಅದರ ಉಳಿದ ಜಾಗಗಳು. ಬಣ್ಣ ಸುತ್ತಲಿನ ಚರ್ಮದ್ದೇ, ತಿಳಿ ಗುಲಾಬಿ. ಗಾತ್ರ ಒಂದೂವರೆ ಸೆಂಟಿಮೀಟರ್ ದಾಟುವುದು ಅಪರೂಪ. ಕೆಲವು ತಿಂಗಳು ಬೆಳೆದು ಒಂದು ಹಂತಕ್ಕೆ ನಿಂತುಬಿಡುತ್ತದೆ. ನೋವು ಇರುವುದಿಲ್ಲ, ಮೇಲಿಂದ ಮೇಲೆ ಹಲ್ಲಿಗೆ ಸಿಕ್ಕಿ ಹುಣ್ಣಾದಾಗ ಮಾತ್ರ ಉರಿಯುತ್ತದೆ. ದಿನವೂ ತಿಕ್ಕಾಟಕ್ಕೆ ಸಿಕ್ಕರೆ ತುದಿ ಬೆಳ್ಳಗಾಗಿ ದಪ್ಪವಾಗುವುದೂ ಉಂಟು.

ಹುಟ್ಟುವ ಬಗೆ ಸರಳ. ಒಮ್ಮೆ ಕೆನ್ನೆ ಕಚ್ಚಿ ಗಾಯವಾಗುತ್ತದೆ. ಗಾಯ ಮಾಯಿಸಲು ಫೈಬ್ರೋಬ್ಲಾಸ್ಟ್ ಕೊಲಾಜನ್ ಹಾಕುತ್ತದೆ, ಜಾಗ ಸ್ವಲ್ಪ ಉಬ್ಬುತ್ತದೆ. ಉಬ್ಬಿದ್ದರಿಂದಲೇ ಮತ್ತೆ ಹಲ್ಲಿಗೆ ಸಿಗುತ್ತದೆ, ಮತ್ತೆ ಕೊಲಾಜನ್ ಸೇರುತ್ತದೆ. ಈ ಸುತ್ತು ನಿಲ್ಲಬೇಕಾದರೆ ಮೂಲವನ್ನು ಹುಡುಕಬೇಕು: ಮುರಿದ ಫಿಲ್ಲಿಂಗ್, ಸವೆದು ಚೂಪಾದ ದವಡೆ ಹಲ್ಲಿನ ತುದಿ, ಹೊರಗೆ ವಾಲಿದ ಬುದ್ಧಿಹಲ್ಲು, ಹಲ್ಲು ಕೀಳಿಸಿದ ಸಂದಿಗೆ ಕೆನ್ನೆ ಎಳೆದು ಚೀಪುವ ಅಭ್ಯಾಸ. ದಂತವೈದ್ಯರು ಗಂಟು ತೆಗೆಯುವ ದಿನವೇ ಎದುರಿನ ಹಲ್ಲಿನ ಚೂಪನ್ನೂ ಉಜ್ಜಿ ನಯ ಮಾಡಬೇಕು. ಹಾಗೆ ಮಾಡಿದರೆ ಫೈಬ್ರೋಮ ಮರಳಿ ಬರುವುದು ತೀರ ಅಪರೂಪ.

ಪರೀಕ್ಷಿಸುವಾಗ ತೋರುಬೆರಳು ಬಾಯೊಳಗೆ, ಹೆಬ್ಬೆರಳು ಹೊರಗೆ ಕೆನ್ನೆಯ ಮೇಲೆ ಇಟ್ಟು ನಡುವೆ ಗಂಟನ್ನು ಹಿಡಿದು ನೋಡಿ. ಫೈಬ್ರೋಮ ಗಟ್ಟಿಯಾಗಿದ್ದರೂ ಒತ್ತಿದರೆ ಸ್ವಲ್ಪ ಬಿಟ್ಟುಕೊಡುತ್ತದೆ, ಕೆಳಗಿನ ಸ್ನಾಯುವಿಗೆ ಅಂಟಿಕೊಂಡಿರುವುದಿಲ್ಲ. ಬುಡದ ಸುತ್ತಲಿನ ಮಾಂಸವೂ ಬಿರುಸಾಗಿ ಸಿಕ್ಕರೆ ಅದನ್ನು ಫೈಬ್ರೋಮ ಎಂದುಕೊಳ್ಳಬೇಡಿ. ಬೆರಳು ಬುಡದ ಸುತ್ತಲೂ ಹೋಗಬೇಕು, ಗಂಟನ್ನಷ್ಟೇ ಮುಟ್ಟಿ ಬಿಟ್ಟರೆ ಪರೀಕ್ಷೆ ಆದಂತಲ್ಲ.

ಇದರ ಜೊತೆ ಗೊಂದಲವಾಗುವ ಕೆಲವನ್ನು ಇಲ್ಲೇ ಹೇಳುತ್ತೇನೆ. ಕೆಳತುಟಿಯ ಒಳಗೆ ನೀಲಿ ಛಾಯೆಯ, ಒಡೆದು ಲೋಳೆ ಹೋಗಿ ಮತ್ತೆ ತುಂಬಿಕೊಳ್ಳುವ ಗುಳ್ಳೆ ಮ್ಯೂಕೋಸೀಲ್, ಜೊಲ್ಲುಗ್ರಂಥಿಯ ನಾಳ ಹರಿದು ಆಗುವಂಥದ್ದು. ತುಂಬ ಮೆದುವಾಗಿದ್ದು ಹಳದಿ ಛಾಯೆ ಇದ್ದರೆ ಲೈಪೋಮ, ಕೊಬ್ಬಿನ ಗಂಟು. ತೆಗೆದು, ತುಣುಕು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದ ಬಾಟಲಿಗೆ ಹಾಕಿದರೆ ಮುಳುಗದೆ ತೇಲುತ್ತದೆ. ಜೈಂಟ್ ಸೆಲ್ ಫೈಬ್ರೋಮ ಎಂಬುದನ್ನು 1974ರಲ್ಲಿ ಬೇರೆಯದಾಗಿ ಗುರುತಿಸಿದರು. ಅದು ಹೆಚ್ಚಾಗಿ ಚಿಕ್ಕ ವಯಸ್ಸಿನವರ ಒಸಡಿನ ಮೇಲೆ ಬರುತ್ತದೆ, ಮೇಲ್ಮೈ ಸಣ್ಣ ಸಣ್ಣ ಉಬ್ಬುಗಳಿಂದ ಒರಟಾಗಿ ನರಹುಲಿಯ ಹಾಗೆ ಕಾಣುತ್ತದೆ, ಚಿಕಿತ್ಸೆ ಅದೇ. ಇನ್ನು ಮಕ್ಕಳಲ್ಲಿ ಕೆಳಗಿನ ಕೋರೆಹಲ್ಲಿನ ಹಿಂದೆ, ನಾಲಿಗೆಯ ಕಡೆ ಒಸಡಿನ ಮೇಲೆ, ಎಡಕ್ಕೂ ಬಲಕ್ಕೂ ಒಂದೊಂದು ಪುಟ್ಟ ಗುಲಾಬಿ ಉಬ್ಬು ಕಂಡರೆ ಅದು ರೋಗವೇ ಅಲ್ಲ. ವಯಸ್ಸಾಗುತ್ತಾ ತಾನೇ ಕುಗ್ಗುತ್ತದೆ. ಅದನ್ನು ಕತ್ತರಿಸುವ ಅಗತ್ಯವಿಲ್ಲ.

ಒಸಡಿನ ಮೇಲೆ ಒಂದೇ ಥರ ಕಾಣುವ ಮೂರು

ಎರಡು ಹಲ್ಲುಗಳ ನಡುವಿನ ಒಸಡಿನಿಂದ ಎದ್ದು ನಿಂತ ಗಡ್ಡೆ ಎಂದರೆ ಬಹುಮಟ್ಟಿಗೆ ಮೂರರಲ್ಲಿ ಒಂದು: ಪಯೋಜೆನಿಕ್ ಗ್ರಾನುಲೋಮ, ಪೆರಿಫೆರಲ್ ಆಸಿಫೈಯಿಂಗ್ ಫೈಬ್ರೋಮ, ಪೆರಿಫೆರಲ್ ಜೈಂಟ್ ಸೆಲ್ ಗ್ರಾನುಲೋಮ. ಮೂರಕ್ಕೂ ಹಿನ್ನೆಲೆಯಲ್ಲಿ ಕಿಟ್ಟ, ಒಸಡಿನಡಿ ಸಿಕ್ಕಿದ ಚೂರು, ಅಂಚು ಸರಿಯಿಲ್ಲದ ಕ್ಯಾಪ್ ಇಂಥ ಕಿರಿಕಿರಿ ಇರುತ್ತದೆ. ಆದರೆ ಒಳಗಿನ ಸಾಮಗ್ರಿ ಬೇರೆ ಬೇರೆ, ಮರಳಿ ಬರುವ ಸ್ವಭಾವವೂ ಬೇರೆ.

ಪಯೋಜೆನಿಕ್ ಗ್ರಾನುಲೋಮ ಸಣ್ಣ ರಕ್ತನಾಳಗಳ ಗೊಂಚಲು. ಬಾಯಲ್ಲಿ ಬರುವವುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಒಸಡಿನ ಮೇಲೇ. ಕಡುಗೆಂಪು, ಮೆದು, ಬ್ರಷ್ ತಾಗಿದರೆ ಸಾಕು ರಕ್ತ. ಕೆಲವೇ ವಾರಗಳಲ್ಲಿ ದೊಡ್ಡದಾಗುವುದರಿಂದ ಮನೆಯವರೆಲ್ಲ ಹೆದರುತ್ತಾರೆ. ಒಳಗೆ ಕೀವು ಇಲ್ಲದ್ದರಿಂದ ಆಂಟಿಬಯೋಟಿಕ್ ಮಾತ್ರೆಗೆ ಕರಗುವುದಿಲ್ಲ. ಅಂಗಡಿಯಿಂದ ತಂದು ನುಂಗಿದ ಐದು ದಿನದ ಕೋರ್ಸ್ ಪೂರ್ತಿ ವ್ಯರ್ಥ.

ಬಸುರಿಯರಲ್ಲಿ ಇದು ಮೂರನೆಯ ತಿಂಗಳ ಕೊನೆಯಿಂದ ಕಾಣಿಸಿಕೊಂಡು ಏಳನೆಯ ತಿಂಗಳವರೆಗೆ ಬೆಳೆಯುವುದುಂಟು. ಹಾರ್ಮೋನ್ ಏರಿದಾಗ ಒಸಡಿನ ರಕ್ತನಾಳಗಳು ಸಣ್ಣ ಕಿಟ್ಟಕ್ಕೂ ದೊಡ್ಡದಾಗಿ ಪ್ರತಿಕ್ರಿಯಿಸುತ್ತವೆ. ಆಶಾ ಕಾರ್ಯಕರ್ತೆಯರು ಮನೆಭೇಟಿಯಲ್ಲಿ ಇದನ್ನು ಕೇಳಲೇಬೇಕು, ಏಕೆಂದರೆ ರಕ್ತ ಬರುತ್ತದೆಂದು ಹೆಣ್ಣುಮಕ್ಕಳು ಹಲ್ಲುಜ್ಜುವುದನ್ನೇ ಬಿಡುತ್ತಾರೆ, ಕಿಟ್ಟ ಇನ್ನೂ ಸೇರುತ್ತದೆ, ಗಡ್ಡೆ ಇನ್ನೂ ಬೆಳೆಯುತ್ತದೆ. ಮೆದು ಬ್ರಷ್ಷಿನಲ್ಲಿ ದಿನಕ್ಕೆರಡು ಸಲ ಉಜ್ಜಬೇಕು. ಹಲ್ಲು ಕ್ಲೀನಿಂಗ್ ಗರ್ಭಿಣಿಯರಿಗೆ ಸುರಕ್ಷಿತ, ನಾಲ್ಕರಿಂದ ಆರು ತಿಂಗಳ ನಡುವಿನ ಸಮಯ ಅದಕ್ಕೆ ಅನುಕೂಲ. ಗಡ್ಡೆಯನ್ನು ಮಾತ್ರ ಆದಷ್ಟೂ ಹೆರಿಗೆಯ ನಂತರಕ್ಕೆ ಬಿಡಬೇಕು. ಬಸುರಿನಲ್ಲೇ ತೆಗೆದರೆ ಮರಳಿ ಬರುವ ಸಂಭವ ಹೆಚ್ಚು, ಹೆರಿಗೆಯಾದ ಮೇಲೆ ಎಷ್ಟೋ ಗಡ್ಡೆಗಳು ತಾವಾಗಿಯೇ ಕುಗ್ಗಿಹೋಗುತ್ತವೆ. ಊಟಕ್ಕೆ ಅಡ್ಡಿಯಾದರೆ ಅಥವಾ ರಕ್ತ ನಿಲ್ಲದಿದ್ದರೆ ಕಾಯುವಂತಿಲ್ಲ, ಹೆರಿಗೆ ವೈದ್ಯರ ಜೊತೆ ಮಾತಾಡಿ ಆಗಲೇ ತೆಗೆಯಬಹುದು.

ಆಸಿಫೈಯಿಂಗ್ ಫೈಬ್ರೋಮ ಒಸಡು ಬಿಟ್ಟು ಬೇರೆಲ್ಲೂ ಬರುವುದಿಲ್ಲ. ಹತ್ತರಿಂದ ಹತ್ತೊಂಬತ್ತರ ವಯಸ್ಸಿನವರಲ್ಲಿ, ಹುಡುಗಿಯರಲ್ಲಿ ಹೆಚ್ಚು. ಜಾಗ ಸಾಮಾನ್ಯವಾಗಿ ಬಾಚಿಹಲ್ಲಿನಿಂದ ಕೋರೆಹಲ್ಲಿನವರೆಗೆ. ಒಳಗೆ ಮೂಳೆಯಂಥ ಕಣಗಳು ಕಟ್ಟಿಕೊಳ್ಳುವುದರಿಂದ ಮುಟ್ಟಿದರೆ ಗಟ್ಟಿ, ಎಕ್ಸ್‌ರೇಯಲ್ಲಿ ಕೆಲವೊಮ್ಮೆ ಬಿಳಿ ಚುಕ್ಕೆಗಳು. ಇದರ ತೊಂದರೆ ಮರಳಿ ಬರುವುದು: ವರದಿಗಳ ಪ್ರಕಾರ ನೂರಕ್ಕೆ 8ರಿಂದ 16ರಷ್ಟು. ಕಾರಣವೂ ಗೊತ್ತು. ಇದರ ಬೇರು ಮೂಳೆಯ ಮೇಲಿನ ಪೊರೆ ಮತ್ತು ಹಲ್ಲನ್ನು ಹಿಡಿದಿಡುವ ನಾರಿನಲ್ಲಿ ಇರುತ್ತದೆ. ಮೇಲಿನಿಂದ ಸವರಿದಂತೆ ಕತ್ತರಿಸಿದರೆ ಬುಡ ಉಳಿಯುತ್ತದೆ. ಪೊರೆಯ ಸಮೇತ ಮೂಳೆಯವರೆಗೆ ತೆಗೆದು, ಅಕ್ಕಪಕ್ಕದ ಹಲ್ಲಿನ ಬೇರನ್ನು ಕೆರೆದು ನುಣುಪು ಮಾಡಬೇಕು. ಮುಂದಿನ ಹಲ್ಲಿನ ಒಸಡು ಕೆಳಗಿಳಿದು ಅಂದಗೆಡುತ್ತದೆಂಬ ಅಂಜಿಕೆಯಿಂದ ಕಡಿಮೆ ತೆಗೆಯುವುದೇ ಹೆಚ್ಚಿನ ಸಲ ಆಗುವ ಎಡವಟ್ಟು. ಆ ಹುಡುಗಿ ವರ್ಷದೊಳಗೆ ಎರಡನೆಯ ಶಸ್ತ್ರಚಿಕಿತ್ಸೆಗೆ ಬರುವುದಕ್ಕಿಂತ, ಒಮ್ಮೆಗೇ ಪೂರ್ತಿ ತೆಗೆದು, ಬೇಕಾದರೆ ಒಸಡಿನ ಕಸಿ ಮಾಡುವುದು ಲೇಸು.

ಮೂರನೆಯದಾದ ಜೈಂಟ್ ಸೆಲ್ ಗ್ರಾನುಲೋಮ ನೀಲಿ ಮಿಶ್ರಿತ ನೇರಳೆ ಬಣ್ಣದ್ದು. ನಡುವಯಸ್ಸು ದಾಟಿದವರಲ್ಲಿ ಹೆಚ್ಚು, ಹಲ್ಲಿಲ್ಲದ ಬೋಳು ಒಸಡಿನ ಮೇಲೂ ಬರುತ್ತದೆ. ಅಡಿಯ ಮೂಳೆಯನ್ನು ಬಟ್ಟಲಾಕಾರದಲ್ಲಿ ಸವೆಸುವುದರಿಂದ ಎಕ್ಸ್‌ರೇ ಬೇಕೇ ಬೇಕು. ಇಂಥದ್ದು ಒಂದಕ್ಕಿಂತ ಹೆಚ್ಚಿದ್ದರೆ, ಪದೇ ಪದೇ ಬಂದರೆ ಅಥವಾ ಎಕ್ಸ್‌ರೇಯಲ್ಲಿ ಗಡ್ಡೆ ಮೂಳೆಯ ಒಳಗಿನಿಂದಲೇ ಬಂದಂತಿದ್ದರೆ ರಕ್ತದಲ್ಲಿ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನ್ ಪರೀಕ್ಷೆ ಮಾಡಿಸಬೇಕು. ಕುತ್ತಿಗೆಯ ಆ ಪುಟ್ಟ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ ಸೂಕ್ಷ್ಮದರ್ಶಕದಡಿ ಇದೇ ಚಿತ್ರ ಕಾಣುತ್ತದೆ. ಆಗ ಚಿಕಿತ್ಸೆ ಬೇಕಾಗಿರುವುದು ಗ್ರಂಥಿಗೆ.

ಲ್ಯಾಬಿಗೆ ಕಳಿಸಲೇಬೇಕೆಂದು ನಾನು ಪಟ್ಟು ಹಿಡಿಯುವುದಕ್ಕೆ ಇನ್ನೂ ಒಂದು ಕಾರಣವಿದೆ. ದೇಹದ ಬೇರೆಡೆ, ಶ್ವಾಸಕೋಶದಲ್ಲೋ ಮೂತ್ರಪಿಂಡದಲ್ಲೋ ಇರುವ ಕ್ಯಾನ್ಸರ್ ಒಸಡಿಗೆ ಹರಡಿದಾಗ ಥೇಟ್ ಪಯೋಜೆನಿಕ್ ಗ್ರಾನುಲೋಮದಂತೆಯೇ ಕಾಣಬಲ್ಲದು. ಅಪರೂಪ ನಿಜ. ಆದರೆ ಕಸದ ಬುಟ್ಟಿಗೆ ಹಾಕಿದ ತುಣುಕಿನಲ್ಲಿ ಅದು ಎಂದಿಗೂ ಪತ್ತೆಯಾಗುವುದಿಲ್ಲ.

ಒಂದೇ ಕಡೆ ಅಲ್ಲದೆ ಬಾಯಿ ತುಂಬ ಒಸಡು ದಪ್ಪವಾಗಿ ಹಲ್ಲನ್ನೇ ಮುಚ್ಚುತ್ತಿದ್ದರೆ ಮಾತ್ರೆಯ ಚೀಟಿ ನೋಡಿ. ಮೂರ್ಛೆ ರೋಗಕ್ಕೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ನಿಫೆಡಿಪಿನ್ ಮತ್ತು ಆಮ್ಲೋಡಿಪಿನ್, ಕಿಡ್ನಿ ಕಸಿಯಾದವರು ತೆಗೆದುಕೊಳ್ಳುವ ಸೈಕ್ಲೋಸ್ಪೋರಿನ್ ಹೀಗೆ ಮಾಡುತ್ತವೆ. ಮಾತ್ರೆ ಶುರುವಾದ ಒಂದರಿಂದ ಮೂರು ತಿಂಗಳಲ್ಲಿ, ಮುಂದಿನ ಹಲ್ಲುಗಳ ನಡುವಿನ ಒಸಡಿನಿಂದ ಆರಂಭ. ಯಾರೂ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು; ಫೆನಿಟಾಯಿನ್ ದಿಢೀರನೆ ಬಿಟ್ಟರೆ ನಿಲ್ಲದೆ ಮೂರ್ಛೆ ಬಂದು ಜೀವಕ್ಕೇ ಅಪಾಯ. ಹಲ್ಲು ಕ್ಲೀನಿಂಗ್ ಮಾಡಿಸಿ, ಚೀಟಿ ಬರೆದ ವೈದ್ಯರಿಗೆ ಒಸಡು ತೋರಿಸಿ. ಬದಲಿ ಮಾತ್ರೆ ಇದೆಯೇ ಎಂದು ನಿರ್ಧರಿಸುವವರು ಅವರು.

ಹಲ್ಲಿನ ಸೆಟ್ಟಿನ ಅಂಚಿನಲ್ಲಿ

ಹಲ್ಲು ಪೂರ್ತಿ ಹೋದ ಮೇಲೆ ದವಡೆಯ ಮೂಳೆ ವರ್ಷ ವರ್ಷವೂ ಸವೆಯುತ್ತದೆ. ಸೆಟ್ಟು ಮಾತ್ರ ಹಾಗೇ ಇರುತ್ತದೆ. ಸಡಿಲಾದ ಸೆಟ್ಟಿನ ಅಂಚು ತುಟಿಯ ಮಡಿಲಲ್ಲಿ ಕೊರೆದು ಕೊರೆದು ಅಲ್ಲಿ ಒಂದೋ ಎರಡೋ ಮಾಂಸದ ಮಡಿಕೆ ಏಳುತ್ತದೆ, ಸೆಟ್ಟಿನ ಅಂಚು ಸರಿಯಾಗಿ ಆ ಮಡಿಕೆಗಳ ಸಂದಿಯಲ್ಲಿ ಕೂರುತ್ತದೆ. ಇದೂ ಕೊಲಾಜನ್ನೇ.

ಚಿಕಿತ್ಸೆಯ ಕ್ರಮ ಮುಖ್ಯ. ಮೊದಲು ಸೆಟ್ಟನ್ನು ಎರಡು ಮೂರು ವಾರ ಬಾಯಿಂದ ಹೊರಗಿಡಬೇಕು. ಹೊರಗೆ ಓಡಾಡುವವರಿಗೆ ಅದು ಆಗದಿದ್ದರೆ ಆ ಅಂಚನ್ನು ಚೆನ್ನಾಗಿ ಕೊಯ್ದು, ಒಳಗೆ ಮೆದು ಲೈನಿಂಗ್ ಹಾಕಿಸಬೇಕು. ಊತ ಇಳಿದು ಹೊಸ ಮಡಿಕೆಯಾದರೆ ಅರ್ಧಕ್ಕರ್ಧ ಕುಗ್ಗಬಹುದು. ನಾರು ತುಂಬಿ ಗಟ್ಟಿಯಾದ ಹಳೆಯದು ಕುಗ್ಗುವುದಿಲ್ಲ, ಅದನ್ನು ಕತ್ತರಿಸಬೇಕು. ಗಾಯ ಮಾದ ಮೇಲೆ ಹೊಸ ಅಳತೆ, ಹೊಸ ಸೆಟ್ಟು. ಹಳೆಯದನ್ನೇ ಮತ್ತೆ ಹಾಕಿಕೊಂಡರೆ ಮಡಿಕೆಯೂ ಮತ್ತೆ ಬರುತ್ತದೆ.

ಅಂಗುಳದಲ್ಲಿ ಸೆಟ್ಟಿನಡಿ ಕೆಂಪಗೆ ಹರಳು ಹರಳಾಗಿ ಎದ್ದಿದ್ದರೆ ಅದು ಹೆಚ್ಚಾಗಿ ರಾತ್ರಿಯೂ ಸೆಟ್ಟು ತೆಗೆಯದವರಲ್ಲಿ, ಕ್ಯಾಂಡಿಡ ಎಂಬ ಬೂಷ್ಟು ಜೊತೆ ಸೇರಿ ಆಗುತ್ತದೆ. ರಾತ್ರಿ ಸೆಟ್ಟು ತೆಗೆದು, ಬ್ರಷ್ ಮತ್ತು ಸೋಪಿನಲ್ಲಿ ತೊಳೆದು ತಣ್ಣೀರಲ್ಲಿ ಮುಳುಗಿಸಿಡಿ. ಬಿಸಿನೀರಿಗೆ ಹಾಕಿದರೆ ಪ್ಲಾಸ್ಟಿಕ್ ಸೊಟ್ಟಗಾಗಿ ಮತ್ತೆ ಅದೇ ತೊಂದರೆ. ಬೂಷ್ಟಿನ ಔಷಧವನ್ನು ಬಾಯಿಗೂ ಸೆಟ್ಟಿನ ಒಳಮೈಗೂ ಹಚ್ಚಬೇಕು. ಬಾಯಿಗೆ ಮಾತ್ರ ಹಚ್ಚಿದವರಿಗೆ ಸೆಟ್ಟಿನಿಂದಲೇ ಮತ್ತೆ ಹತ್ತುತ್ತದೆ.

ಕೈ ಹಾಕುವ ಮುನ್ನ

ಸಣ್ಣ ಕ್ಲಿನಿಕ್ಕಿನಲ್ಲಿ ಕತ್ತರಿ ಮುಟ್ಟಿಸಬಾರದ ಗಂಟುಗಳೂ ಇವೆ. ನೀಲಿ ಅಥವಾ ಕೆಂಪು ಗಂಟನ್ನು ಗಾಜಿನ ಸ್ಲೈಡಿನಿಂದ ಒತ್ತಿದಾಗ ಬಿಳಿಚಿಕೊಂಡು, ಬಿಟ್ಟಾಗ ಮತ್ತೆ ಬಣ್ಣ ತುಂಬಿದರೆ ಒಳಗೆ ರಕ್ತ ಹರಿಯುತ್ತಿದೆ ಎಂದರ್ಥ. ಬೆರಳಿಗೆ ನಾಡಿ ಬಡಿತ ಸಿಕ್ಕರೆ, ಸುತ್ತ ಬೆಚ್ಚಗಿದ್ದರೆ, ಆ ಜಾಗದ ಹಲ್ಲು ಕಾರಣವಿಲ್ಲದೆ ಅಲ್ಲಾಡುತ್ತಿದ್ದರೆ, ಬಯಾಪ್ಸಿಯನ್ನೂ (ಪರೀಕ್ಷೆಗೆ ತುಣುಕು ತೆಗೆಯುವುದು) ಮಾಡಬೇಡಿ, ಹಲ್ಲನ್ನೂ ಕೀಳಬೇಡಿ. ಮೂಳೆಯೊಳಗಿನ ರಕ್ತನಾಳದ ತೊಡಕಿದ್ದಾಗ ಒಂದು ಹಲ್ಲು ಕಿತ್ತರೆ ಪ್ರಾಣ ಹೋಗುವಷ್ಟು ರಕ್ತ ಹೋಗಬಹುದು. ಆಗುಂಬೆಯ ಘಾಟಿಯ ಮೇಲೋ ಹೊಸನಗರದ ಒಳಗಿನ ಹಳ್ಳಿಯಲ್ಲೋ ಮಳೆಗಾಲದ ರಾತ್ರಿ ಅದನ್ನು ನಿಭಾಯಿಸಲು ಆಗುವುದಿಲ್ಲ. ಸ್ಕ್ಯಾನಿಂಗ್ ಮತ್ತು ರಕ್ತದ ವ್ಯವಸ್ಥೆ ಇರುವ ದೊಡ್ಡ ಆಸ್ಪತ್ರೆಗೆ ಕಳಿಸಿ. ಎಳೆಗೂಸಿನ ತುಟಿಯ ಕೆಂಪು ಗಂಟು ಮೊದಲ ವರ್ಷ ಬೆಳೆದು ಆಮೇಲೆ ನಿಧಾನಕ್ಕೆ ತಾನೇ ಇಳಿಯುವ ಜಾತಿಯದ್ದು. ಹಾಲು ಕುಡಿಯಲು ಅಡ್ಡಿಯಾದರೆ ಪ್ರೊಪ್ರನೊಲಾಲ್ ಎಂಬ ಔಷಧವಿದೆ, 2008ರಿಂದ ಬಳಕೆಗೆ ಬಂತು. ಅದನ್ನು ಮಕ್ಕಳ ವೈದ್ಯರ ಕಣ್ಗಾವಲಿನಲ್ಲೇ ಕೊಡಬೇಕು.

ನರದ ಗಂಟುಗಳು ಅಷ್ಟು ಸಾಮಾನ್ಯವಲ್ಲ, ಆದರೂ ಎರಡು ಮಾತು. ಮಗುವಿನ ತುಟಿ ದಪ್ಪಗಿದ್ದು, ತುಟಿ ಮತ್ತು ನಾಲಿಗೆಯ ತುದಿ ತುಂಬ ಸಣ್ಣ ಸಣ್ಣ ನುಣುಪು ಗಂಟುಗಳಿದ್ದರೆ, ಗಂಟುಗಳನ್ನು ಬಿಟ್ಟು ಮೊದಲು ಥೈರಾಯ್ಡ್ ಪರೀಕ್ಷೆಗೆ ಕಳಿಸಿ. ಎಂಇಎನ್ 2ಬಿ ಎಂಬ ವಂಶವಾಹಿ ಕಾಯಿಲೆಯ ಮೊದಲ ಗುರುತು ಅದಾಗಿರಬಹುದು, ಅದರಲ್ಲಿ ಚಿಕ್ಕ ವಯಸ್ಸಿಗೇ ಥೈರಾಯ್ಡ್ ಕ್ಯಾನ್ಸರ್ ಬರುತ್ತದೆ. ಬಾಯಿಯ ಗಂಟು ಗುರುತಿಸಿದವರು ಆ ಮಗುವಿನ ಜೀವ ಉಳಿಸಬಹುದು. ಇನ್ನೊಂದು, ನಾಲಿಗೆಯ ಮೇಲ್ಭಾಗದಲ್ಲಿ ಬರುವ ಗ್ರಾನುಲರ್ ಸೆಲ್ ಟ್ಯೂಮರ್. ಅದರ ಮೇಲಿನ ಚರ್ಮ ಒಳಮುಖವಾಗಿ ಬೇರಿಳಿಸಿದಂತೆ ಬೆಳೆಯುತ್ತದೆ. ಬಯಾಪ್ಸಿ ತೆಳ್ಳಗೆ ಮೇಲಿಂದ ತೆಗೆದರೆ ಸೂಕ್ಷ್ಮದರ್ಶಕದಡಿ ಅದು ಕ್ಯಾನ್ಸರ್ ಎಂದೇ ಕಂಡು, ರೋಗಿಗೆ ಬೇಡದ ದೊಡ್ಡ ಶಸ್ತ್ರಚಿಕಿತ್ಸೆ ಆಗಿಬಿಡುವ ಅಪಾಯವಿದೆ. ನಾಲಿಗೆಯ ಗಂಟಿನ ಬಯಾಪ್ಸಿ ಆಳವಾಗಿರಲಿ.

ತೆಗೆಯುವುದು ಹೇಗೆ, ಕಳಿಸುವುದು ಹೇಗೆ

ಕೆನ್ನೆಯ ಫೈಬ್ರೋಮ ತೆಗೆಯಲು ಅರ್ಧ ಗಂಟೆ ಸಾಕು. ಜಾಗ ಮರಗಟ್ಟಿಸುವ ಎರಡು ಶೇಕಡಾ ಲಿಗ್ನೊಕೇನನ್ನು ಗಂಟಿನ ಸುತ್ತ ಕೊಡಬೇಕು, ಗಂಟಿನ ಒಳಗೆ ಚುಚ್ಚಿದರೆ ಅಂಗಾಂಶ ಉಬ್ಬಿ ಲ್ಯಾಬಿನಲ್ಲಿ ಚಿತ್ರ ಕೆಡುತ್ತದೆ. ಚಿಮುಟದಿಂದ ಗಟ್ಟಿಯಾಗಿ ಹಿಡಿದರೆ ಕೋಶಗಳು ನಜ್ಜುಗುಜ್ಜಾಗುತ್ತವೆ. ಅದರ ಬದಲು ಗಂಟಿನ ಮೂಲಕ ಒಂದು ದಾರ ಹಾಯಿಸಿ ಎತ್ತಿ ಹಿಡಿಯುವುದು ಒಳ್ಳೆಯದು. ಬುಡದ ಸುತ್ತ ಎಲೆಯಾಕಾರದ ಕೊಯ್ತ, ಉದ್ದ ಅಗಲದ ಮೂರರಷ್ಟಿದ್ದರೆ ಹೊಲಿಗೆ ಎಳೆತವಿಲ್ಲದೆ ಕೂಡುತ್ತದೆ. ಎರಡು ಮೂರು ಹೊಲಿಗೆ, ಏಳು ದಿನಕ್ಕೆ ಬಿಚ್ಚುವುದು. ಮೇಲಿನ ದವಡೆ ಹಲ್ಲಿನ ಎದುರು ಕೆನ್ನೆಯಲ್ಲಿ ಜೊಲ್ಲುನಾಳದ ಬಾಯಿ ಇರುತ್ತದೆ. ಕೊಯ್ತ ಹಾಕುವ ಮೊದಲು ಕೆನ್ನೆಯನ್ನು ಹೊರಗಿಂದ ಒತ್ತಿ ಜೊಲ್ಲು ಬರುವ ಜಾಗ ಗುರುತಿಸಿಕೊಳ್ಳಿ. ಹೊಲಿಗೆ ಅದರ ಮೇಲೆ ಬಿದ್ದರೆ ಕೆನ್ನೆ ಊದಿಕೊಂಡು ಹೊಸ ತೊಂದರೆ.

ತುಣುಕು ಹೊರಬಂದ ಕೂಡಲೇ ಹತ್ತು ಶೇಕಡಾ ಫಾರ್ಮಲಿನ್‌ಗೆ ಬೀಳಬೇಕು. ಅಂಗಡಿಯಲ್ಲಿ ಸಿಗುವ ಫಾರ್ಮಲಿನ್ ಒಂದು ಪಾಲು, ನೀರು ಒಂಬತ್ತು ಪಾಲು. ಬಫರ್ ಹಾಕಿದ ಸಿದ್ಧ ದ್ರಾವಣ ಸಿಕ್ಕರೆ ಇನ್ನೂ ಉತ್ತಮ. ದ್ರಾವಣ ತುಣುಕಿನ ಹತ್ತರಿಂದ ಇಪ್ಪತ್ತು ಪಟ್ಟು ಇರಬೇಕು. ಸಲೈನಿನಲ್ಲೋ ಸ್ಪಿರಿಟ್ಟಿನಲ್ಲೋ ಹಾಕಿ ಕಳಿಸಿದ್ದು ಲ್ಯಾಬ್ ತಲುಪುವಷ್ಟರಲ್ಲಿ ಕೆಟ್ಟಿರುತ್ತದೆ ಅಥವಾ ಮುರುಟಿಕೊಂಡಿರುತ್ತದೆ. ಬಾಟಲಿಯ ಬಾಯಿ ಅಗಲ ಇರಲಿ. ಫಾರ್ಮಲಿನ್‌ನಲ್ಲಿ ತುಣುಕು ಬಿರುಸಾಗುತ್ತದೆ, ಸಣ್ಣ ಬಾಯಿಯ ಬಾಟಲಿಯಿಂದ ಆಮೇಲೆ ಹೊರತೆಗೆಯಲು ಆಗುವುದಿಲ್ಲ. ಹೆಸರನ್ನು ಪೆನ್ಸಿಲಿನಲ್ಲಿ ಬರೆದು ಬಾಟಲಿಯ ಮೈಗೆ ಅಂಟಿಸಿ. ಪೆನ್ನಿನ ಶಾಯಿ ಕರಗುತ್ತದೆ, ಮುಚ್ಚಳಕ್ಕೆ ಅಂಟಿಸಿದರೆ ಮುಚ್ಚಳ ಅದಲು ಬದಲಾದಾಗ ರೋಗಿಯೇ ಬದಲಾಗುತ್ತಾರೆ. ತೀರ್ಥಹಳ್ಳಿ, ಸಾಗರ, ಸೊರಬದಿಂದ ಶಿವಮೊಗ್ಗಕ್ಕೆ ರೋಗಿಯ ಕೈಯಲ್ಲೇ ಕಳಿಸುವುದಾದರೆ ಬಾಟಲಿಗೆ ಎರಡು ಪದರ ಪ್ಲಾಸ್ಟಿಕ್ ಕಟ್ಟಿ, ಬಿಚ್ಚಬಾರದು, ಮೂಸಬಾರದು ಎಂದು ತಿಳಿಸಿ. ಚೀಟಿಯಲ್ಲಿ ವಯಸ್ಸು, ಜಾಗ, ಎಷ್ಟು ದಿನದಿಂದ, ಬಣ್ಣ, ಗಾತ್ರ, ಎಲೆಯಡಿಕೆ ತಂಬಾಕಿನ ಅಭ್ಯಾಸ ಇವಿಷ್ಟೂ ಇರಬೇಕು. ‘ಗಂಟು, ದಯವಿಟ್ಟು ಪರೀಕ್ಷಿಸಿ’ ಎಂದಷ್ಟೇ ಬರೆದರೆ ಸ್ಲೈಡ್ ನೋಡುವವರ ಕೈ ಕಟ್ಟಿದಂತೆ.

ಮನೆಗೆ ಹೋದವರು ಬಟ್ಟೆಯುಂಡೆಯನ್ನು ಅರ್ಧ ಗಂಟೆ ಕಚ್ಚಿ ಹಿಡಿಯಬೇಕು. ಅವತ್ತು ಬಾಯಿ ಮುಕ್ಕಳಿಸುವುದು, ಉಗುಳುವುದು ಬೇಡ, ಬಿಸಿ ಕಾಫಿ ಬೇಡ. ಮರುದಿನದಿಂದ ಉಪ್ಪುನೀರು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು, ತಾವಾಗಿ ನಿಲ್ಲಿಸಿಕೊಂಡು ಬರಬಾರದು.

ಅಡಿಕೆ ಮತ್ತು ಅದೇ ಕೊಲಾಜನ್

ಇಲ್ಲಿಯವರೆಗೆ ಹೇಳಿದ್ದೆಲ್ಲ ಎದ್ದು ಕಾಣುವ ಗಂಟಿನ ಮಾತು. ಮಲೆನಾಡಿನಲ್ಲಿ ನನ್ನ ಹೆಚ್ಚಿನ ಚಿಂತೆ ಎದ್ದು ಕಾಣದ ಇನ್ನೊಂದರ ಬಗ್ಗೆ. ಅದೇ ಫೈಬ್ರೋಬ್ಲಾಸ್ಟ್, ಅದೇ ಕೊಲಾಜನ್, ಆದರೆ ಒಂದು ಕಡೆ ಗಂಟಾಗುವ ಬದಲು ಕೆನ್ನೆಯ ಉದ್ದಕ್ಕೂ ಹಾಸಿಕೊಂಡು ಬಾಯಿಯನ್ನೇ ಬಿಗಿಯುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್. ಇದನ್ನು ನಿರುಪದ್ರವಿ ಎನ್ನುವಂತಿಲ್ಲ. ಎರ್ನಾಕುಲಂ ಜಿಲ್ಲೆಯಲ್ಲಿ ಇಂಥ 66 ಜನರನ್ನು 17 ವರ್ಷ ಗಮನಿಸಿದಾಗ ಶೇಕಡಾ 7.6 ಮಂದಿಗೆ ಕ್ಯಾನ್ಸರ್ ಬಂತು. ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ವರ್ಗೀಕರಿಸಿದೆ.

ಅಡಿಕೆಯ ಅರೆಕೋಲಿನ್ ಫೈಬ್ರೋಬ್ಲಾಸ್ಟನ್ನು ಕೊಲಾಜನ್ ಮಾಡುವಂತೆ ಕೆರಳಿಸುತ್ತದೆ. ಅಡಿಕೆಯ ಒಗರು, ಅಂದರೆ ಟ್ಯಾನಿನ್, ಹಳೆಯ ಕೊಲಾಜನ್ ಕರಗದಂತೆ ಗಟ್ಟಿ ಮಾಡುತ್ತದೆ. ಅದರ ತಾಮ್ರದ ಅಂಶ ನಾರನ್ನು ನಾರಿಗೆ ಹೆಣೆಯುವ ಕಿಣ್ವಕ್ಕೆ ಬಲ ಕೊಡುತ್ತದೆ. ಹುಟ್ಟುವುದು ಹೆಚ್ಚು, ಕರಗುವುದು ಕಡಿಮೆ, ಹೀಗಾಗಿ ಕೆನ್ನೆ ಬಿಗಿಯುತ್ತದೆ. ಕೆಂಪಡಿಕೆ ಬೇಯಿಸಿದಾಗ ಅರೆಕೋಲಿನ್ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಬಣ್ಣಕ್ಕೆಂದು ಚೊಗರು (ಅಡಿಕೆ ಬೇಯಿಸಿ ಉಳಿದ ಗಟ್ಟಿ ರಸ) ಕೊಟ್ಟಾಗ ಒಗರು ಮತ್ತೆ ಮೇಲೆ ಕೂರುತ್ತದೆ. ರಾಶಿ, ಬೆಟ್ಟೆ, ಗೊರಬಲು, ಅಡಿಕೆಯ ಬಗೆ ಯಾವುದಾದರೂ ಬಾಯಿಗೆ ವ್ಯತ್ಯಾಸ ದೊಡ್ಡದಲ್ಲ. ಸುಲಿತದ ಕಾಲದಲ್ಲಿ ನಿದ್ದೆ ಬಾರದಿರಲೆಂದು ಮಧ್ಯರಾತ್ರಿವರೆಗೆ ಕವಳ (ಎಲೆಯಡಿಕೆ) ಹಾಕುವವರು ತಮ್ಮ ಬಾಯಿ ನೋಡಿಕೊಳ್ಳಬೇಕು. ಪ್ಯಾಕೆಟ್ಟಿನ ಒಣ ಮಸಾಲೆ ಅಡಿಕೆ ಇನ್ನೂ ಬೇಗ ಕೆಡಿಸುತ್ತದೆ, ಏಕೆಂದರೆ ಪುಡಿ ಕೆನ್ನೆಯ ಮಡಿಲಲ್ಲೇ ಕೂತು ದಿನವಿಡೀ ಕರಗುತ್ತಿರುತ್ತದೆ.

ಮೊದಲ ಗುರುತು ಖಾರ ತಾಳದಿರುವುದು. ಮನೆಯವರೆಲ್ಲ ಉಣ್ಣುವ ಸಾರು ಒಬ್ಬರಿಗೆ ಮಾತ್ರ ಬೆಂಕಿಯಂತೆ ಉರಿದರೆ ಕೇಳಿ. ಆಮೇಲೆ ಕೆನ್ನೆ ಬಿಳಿಚಿಕೊಳ್ಳುತ್ತದೆ, ಬೆರಳಾಡಿಸಿದರೆ ಒಳಗೆ ಲಂಬವಾಗಿ ಬಿಗಿದ ಪಟ್ಟಿಗಳು ಸಿಗುತ್ತವೆ. ತೋರು, ನಡು, ಉಂಗುರ ಮೂರೂ ಬೆರಳುಗಳನ್ನು ನೆಟ್ಟಗೆ ಒಂದರ ಮೇಲೊಂದು ಇಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಿ. ನಿಮ್ಮದೇ ಬೆರಳು ನಿಮ್ಮದೇ ಬಾಯಿಗೆ ಹೋಗದಿದ್ದರೆ ತೋರಿಸಬೇಕು. ಆರಂಭದಲ್ಲೇ ಅಡಿಕೆ ಬಿಟ್ಟರೆ ಮುಂದುವರಿಯುವುದು ನಿಲ್ಲಬಹುದು, ಕಟ್ಟಿಕೊಂಡ ನಾರು ಮಾತ್ರ ಪೂರ್ತಿ ಹಿಂದೆ ಹೋಗುವುದಿಲ್ಲ. ಬಿಟ್ಟವರೂ ಆರು ತಿಂಗಳಿಗೊಮ್ಮೆ ಬಾಯಿ ತೋರಿಸುತ್ತಿರಬೇಕು.

ಸಭೆಯಿಂದ ಬಂದ ಪ್ರಶ್ನೆಗಳು

ತಂಬಾಕಿಲ್ಲದ ಕವಳ ಹಾಕಬಹುದೇ ಎಂದು ಸಾಗರದ ಕಡೆಯ ಹಿರಿಯರೊಬ್ಬರು ಕೇಳಿದರು. ತಂಬಾಕು ಬಿಟ್ಟದ್ದು ಒಳ್ಳೆಯದೇ ಆಯಿತು, ಆದರೆ ಸಬ್‌ಮ್ಯೂಕಸ್ ಫೈಬ್ರೋಸಿಸ್‌ಗೆ ಕಾರಣ ಅಡಿಕೆಯೇ. ಅಡಿಕೆ ನಮ್ಮ ತೋಟದ ಬೆಳೆ, ಮನೆಯ ಆದಾಯ, ತಾಂಬೂಲದ ಗೌರವ, ಎಲ್ಲ ಹೌದು. ತಾಂಬೂಲ ಕೊಡುವುದಕ್ಕೂ ಸ್ವೀಕರಿಸುವುದಕ್ಕೂ ಅಡ್ಡಿಯಿಲ್ಲ, ದಿನವಿಡೀ ಅಗಿಯುವುದನ್ನು ಬಿಡಿ ಎಂದಷ್ಟೇ ನನ್ನ ಕೋರಿಕೆ.

ನರಹುಲಿಗೆ ಕಟ್ಟುವಂತೆ ಗಂಟಿನ ಬುಡಕ್ಕೆ ಕೂದಲು ಕಟ್ಟಿದರೆ ಉದುರುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ತೊಟ್ಟಿನಂಥ ಬುಡ ಇದ್ದರೆ ಉದುರಲೂಬಹುದು. ಕೊಳೆತು ಉದುರಿದ ತುಣುಕನ್ನು ಪರೀಕ್ಷಿಸಲಾಗದು, ಬುಡ ಅಲ್ಲೇ ಉಳಿದಿರುತ್ತದೆ, ರಕ್ತನಾಳದ ಗಂಟಾಗಿದ್ದರೆ ರಕ್ತ ನಿಲ್ಲುವುದಿಲ್ಲ. ಸುಣ್ಣ ಹಚ್ಚುವುದಂತೂ ಬೇಡವೇ ಬೇಡ. ಸುಟ್ಟ ಗಾಯವಾಗಿ ಮೂಲ ರೂಪವೇ ಮರೆಯಾಗುತ್ತದೆ.

ಲೇಸರಿನಲ್ಲಿ ತೆಗೆಸಿದರೆ ರಕ್ತ ಕಡಿಮೆ, ನಿಜ. ರಕ್ತನಾಳ ಹೆಚ್ಚಿರುವ ಗಡ್ಡೆಗೆ ಅನುಕೂಲವೂ ಹೌದು. ಆದರೆ ಕೆಲವು ಮಿಲಿಮೀಟರಿನ ಗಂಟನ್ನು ಲೇಸರಿನಲ್ಲಿ ಕೊಯ್ದರೆ ಅಂಚೆಲ್ಲ ಸುಟ್ಟು, ಪೂರ್ತಿ ಬಂದಿದೆಯೇ ಎಂದು ಲ್ಯಾಬಿನವರು ಹೇಳಲಾಗುವುದಿಲ್ಲ. ಸಣ್ಣದಕ್ಕೆ ಕತ್ತಿಯೇ ಮೇಲು.

ಸಣ್ಣದಿದೆ, ತೊಂದರೆಯಿಲ್ಲ, ತೆಗೆಸಲೇಬೇಕೆ? ಒಮ್ಮೆ ದಂತವೈದ್ಯರು ಬೆರಳಿಟ್ಟು ನೋಡಲಿ. ನುಣುಪಾಗಿ, ಮೆದುವಾಗಿ, ವರ್ಷಗಳಿಂದ ಅಷ್ಟೇ ಇದ್ದರೆ, ಅಳತೆ ಬರೆದಿಟ್ಟು ಫೋಟೋ ತೆಗೆದು ಆರು ತಿಂಗಳಿಗೊಮ್ಮೆ ನೋಡುತ್ತಾ ಇರಬಹುದು. ಬೆಳೆದರೆ, ಬಣ್ಣ ಬದಲಾದರೆ, ಬಿರುಸಾದರೆ, ಕೆಳತುಟಿ ಜೋಮು ಹಿಡಿದರೆ, ಕುತ್ತಿಗೆಯಲ್ಲಿ ಗಂಟು ಸಿಕ್ಕರೆ ಕಾಯಬೇಡಿ. ಹಲ್ಲು ಕೀಳಿಸಿದ ಗುಳಿಯಿಂದ ಮಾಂಸ ಬೆಳೆದು ಬಂದರೂ ಅದೇ ಮಾತು. ಹೆಚ್ಚಿನ ಸಲ ಒಳಗೆ ಉಳಿದ ಮೂಳೆಯ ಚೂರೇ ಕಾರಣ, ಆದರೂ ಕೆರೆದು ತೆಗೆದದ್ದನ್ನು ಲ್ಯಾಬಿಗೆ ಕಳಿಸಬೇಕು.

ಕೊನೆಯ ಪ್ರಶ್ನೆ ವರದಿಯ ಬಗ್ಗೆ. ವರದಿಯಲ್ಲಿ ನೀವು ನೋಡಬೇಕಾದ್ದು ಗಂಟಿನ ಹೆಸರು, ಅಂಚಿನಲ್ಲಿ ಇನ್ನೂ ಉಳಿದಿದೆಯೇ ಎಂಬ ಸಾಲು, ಮತ್ತು ಮೇಲಿನ ಚರ್ಮದಲ್ಲಿ ಡಿಸ್‌ಪ್ಲೇಸಿಯ (ಮುಂದೆ ಕ್ಯಾನ್ಸರ್ ಆಗಬಹುದಾದ ಕೋಶಗಳ ಬದಲಾವಣೆ) ಎಂಬ ಪದ ಇದೆಯೇ ಎಂಬುದು. ಆ ಪದ ಇದ್ದರೆ ವರದಿ ಹಿಡಿದು ಅದೇ ವಾರ ವೈದ್ಯರನ್ನು ಕಾಣಿ. ಲ್ಯಾಬಿನಲ್ಲಿ ನಿಮ್ಮ ತುಣುಕನ್ನು ಮೇಣದ ಬ್ಲಾಕ್ ಮಾಡಿ ಇಟ್ಟಿರುತ್ತಾರೆ. ಗಂಟು ಮರಳಿ ಬಂದು ಬೇರೆ ಆಸ್ಪತ್ರೆಗೆ ಹೋಗಬೇಕಾದರೆ ವರದಿಯಲ್ಲಿರುವ ನಂಬರು ಹೇಳಿ ಆ ಬ್ಲಾಕ್ ಅಥವಾ ಸ್ಲೈಡ್ ಕೇಳಿ ಪಡೆಯಬಹುದು. ಅದಕ್ಕಾಗಿ ವರದಿಯ ಹಾಳೆಯನ್ನು ರೇಷನ್ ಕಾರ್ಡಿನ ಜೊತೆ ಜೋಪಾನವಾಗಿಡಿ.